ತಾಳೆ ನೋಡುವ ವಿದ್ಯೆ



ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಕೊರಟಗೆರೆ ಕಡೆಯ ಹುಡುಗಿ. ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಅವಳು ದುಡಿಯುವ ಸಂಸ್ಥೆಯವರು ತಮ್ಮ ಒಳಬಳಕೆಗೆಂದು ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಯನ್ನು ಸಿದ್ಧಪಡಿಸುತ್ತಿದ್ದಾರಂತೆ. ಆ ಭಾಷೆಯಲ್ಲಿ ಪೂರ್ಣಾಂಕಗಳ ಮೇಲೆ ನಡೆಯುವ ಬಿಟ್ ಕ್ರಿಯೆಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಹೊಣೆ ಅವಳ ಪಾಲಿಗೆ ಬಂದಿದೆ. ಅವಳು ಹಲವು ದಿನ ಕುಳಿತು ನೂರಾರು ಪರೀಕ್ಷೆಗಳನ್ನು ಬರೆದಳು. ಅದನ್ನು ಕಂಡ ಮೇಲಿನವರು, "ಇಷ್ಟು ಸುಲಭದ ಕೆಲಸಕ್ಕೆ ಇಷ್ಟೊಂದು ಪರೀಕ್ಷೆಯೇ? ನಾಲ್ಕು ಲೆಕ್ಕ ಮಾಡಿ ನೋಡಿದರೆ ಸಾಲದೇ?" ಎಂದರಂತೆ.

"ಸಾರ್, ನೀವು ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವರು. ನೀವೇನು ಹೇಳುತ್ತೀರಿ?" ಎಂದು ಕೇಳಿದಳು.

ಗಣಿತ ಬೋಧಿಸಿದವನಾದರೂ ಕಂಪ್ಯೂಟರ್ ನನ್ನ ಕಾಲದ ವಿದ್ಯೆಯಲ್ಲ. ಆದರೆ ಅವಳು ಕಾಗದದ ಮೇಲೆ ಬರೆದು ವಿವರಿಸುತ್ತಾ ಹೋದಂತೆ ಇದು ನನ್ನದೇ ಪ್ರಶ್ನೆಯೆನಿಸಿತು. ನಾನು ಕೊಟ್ಟ ಉತ್ತರವನ್ನೂ, ಆ ಉತ್ತರದ ಹಿಂದೆ ಇರುವ ನನ್ನದೇ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಟ್ ಎಂದರೇನೆಂಬುದನ್ನು ನಮ್ಮ ಸಂತೆಯ ಅಳತೆಯಲ್ಲಿಯೇ ತಿಳಿಯೋಣ. ಕಿಲೋ, ಲೀಟರು ಬರುವ ಮುನ್ನ ಮಧುಗಿರಿ, ಪಾವಗಡದ ಸಂತೆಗಳಲ್ಲಿ ಕಾಳುಕಡಿಯನ್ನು ಸೇರು, ಪಾವುಗಳಲ್ಲಿ ಅಳೆಯುತ್ತಿದ್ದರು. ಎರಡು ಚಟಾಕಿಗೆ ಒಂದು ಅರೆಪಾವು, ಎರಡು ಅರೆಪಾವಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಅಂದರೆ 1, 2, 4, 8, 16. ಈ ಐದು ಅಳತೆಗಳು ಒಂದೊಂದೇ ಇದ್ದರೂ, ಪ್ರತಿಯೊಂದನ್ನು ಒಮ್ಮೆ ಮಾತ್ರ ಬಳಸಿ 1ರಿಂದ 31 ಚಟಾಕಿನವರೆಗೆ ಯಾವ ಪ್ರಮಾಣವನ್ನು ಬೇಕಾದರೂ ಅಳೆಯಬಹುದು. ಹನ್ನೊಂದು ಚಟಾಕು ಬೇಕೆಂದರೆ ಒಂದು ಅಚ್ಚೇರು, ಒಂದು ಅರೆಪಾವು, ಒಂದು ಚಟಾಕು. ಪ್ರತಿ ಅಳತೆಯ ಮುಂದೆ ಒಂದು ಗುಳಿ ಇದೆಯೆಂದು ಭಾವಿಸಿ. ಬಳಸಿದ ಅಳತೆಯ ಗುಳಿಯಲ್ಲಿ ಒಂದು ಹುಣಸೆ ಬೀಜ, ಬಳಸದಿದ್ದರೆ ಗುಳಿ ಖಾಲಿ. ಕಂಪ್ಯೂಟರಿನ ಒಳಗಿರುವ ಪೂರ್ಣಾಂಕವೂ ಹೀಗೆ ಬೀಜವಿರುವ ಮತ್ತು ಇಲ್ಲದ ಗುಳಿಗಳ ಒಂದು ಸಾಲು. ಗುಳಿಗಳ ಸಂಖ್ಯೆ ಎಂಟೋ, ಹದಿನಾರೋ, ಮೂವತ್ತೆರಡೋ, ಅರವತ್ತನಾಲ್ಕೋ ಇರುತ್ತದೆ, ಅಷ್ಟೇ.

ಬಿಟ್ ಕ್ರಿಯೆಗಳೆಂದರೆ ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಗುಳಿಗೆ ಗುಳಿ ಹೋಲಿಸುವುದು. ಎರಡರಲ್ಲೂ ಬೀಜವಿದ್ದರೆ ಮಾತ್ರ ಉತ್ತರದಲ್ಲಿ ಬೀಜ ಇಡುವುದು "ಆಂಡ್". ಯಾವುದಾದರೂ ಒಂದರಲ್ಲಿ ಇದ್ದರೂ ಸಾಕೆನ್ನುವುದು "ಆರ್". ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮಾತ್ರ ಇಡುವುದು "ಎಕ್ಸ್ಆರ್". ಮಹಡಿ ಮೆಟ್ಟಿಲಿನ ಕೆಳಗೊಂದು ಮೇಲೊಂದು ಸ್ವಿಚ್ಚಿರುವ ದೀಪದ ನಡತೆ ಇದು. ಬೀಜವಿದ್ದಲ್ಲಿ ತೆಗೆದು, ಇಲ್ಲದಲ್ಲಿ ಇಡುವುದು "ನಾಟ್". ಇಡೀ ಸಾಲನ್ನು ಎಡಕ್ಕೋ ಬಲಕ್ಕೋ ಜರುಗಿಸುವುದು "ಶಿಫ್ಟ್". ಒಂದು ಗುಳಿ ಎಡಕ್ಕೆ ಜರುಗಿಸಿದರೆ ಪಾವು ಅಚ್ಚೇರಾಗುತ್ತದೆ, ಸಂಖ್ಯೆ ಇಮ್ಮಡಿಯಾಗುತ್ತದೆ. ಇಷ್ಟೇ. ಏಳನೆಯ ತರಗತಿಯ ಮಗುವಿಗೂ ಅರ್ಥವಾಗುವಂಥದು. ಹೀಗಿರುವಾಗ ಇದನ್ನು ಪರೀಕ್ಷಿಸುವುದರಲ್ಲಿ ಏನು ಕಷ್ಟವಿದೆ?

ಕಷ್ಟವಿರುವುದು ಪ್ರಶ್ನೆಯನ್ನು ಆರಿಸುವುದರಲ್ಲಿ. ಬಹಳ ಮಂದಿ ಮೊದಲು ಹಾಕುವ ಲೆಕ್ಕ ಸೊನ್ನೆ ಮತ್ತು ಸೊನ್ನೆ. ಆಂಡ್ ಮಾಡಿದರೂ ಸೊನ್ನೆ, ಆರ್ ಮಾಡಿದರೂ ಸೊನ್ನೆ, ಎಕ್ಸ್ಆರ್ ಮಾಡಿದರೂ ಸೊನ್ನೆ. ಭಾಷೆಯನ್ನು ಬರೆದವನು ಈ ಮೂರನ್ನೂ ಅದಲುಬದಲು ಮಾಡಿಟ್ಟಿದ್ದರೂ ಈ ಪರೀಕ್ಷೆ "ಉತ್ತೀರ್ಣ" ಎಂದೇ ಹೇಳುತ್ತದೆ. ಒಂದು ಮತ್ತು ಒಂದನ್ನು ಹಾಕಿದರೆ ಎಕ್ಸ್ಆರ್ ಬೇರೆಯಾಗುತ್ತದೆ, ಆದರೆ ಆಂಡ್ ಮತ್ತು ಆರ್ ಎರಡೂ ಒಂದನ್ನೇ ಕೊಡುತ್ತವೆ. ಈಗ 12 ಮತ್ತು 10ನ್ನು ಹಾಕಿ ನೋಡಿ. ಹನ್ನೆರಡೆಂದರೆ ಅಚ್ಚೇರು ಮತ್ತು ಪಾವು. ಹತ್ತೆಂದರೆ ಅಚ್ಚೇರು ಮತ್ತು ಅರೆಪಾವು. ಆಂಡ್ ಮಾಡಿದರೆ 8, ಆರ್ ಮಾಡಿದರೆ 14, ಎಕ್ಸ್ಆರ್ ಮಾಡಿದರೆ 6. ಮೂರು ಕ್ರಿಯೆಗೆ ಮೂರು ಬೇರೆ ಉತ್ತರ. ಕಾರಣ ಸರಳ: ಅಚ್ಚೇರಿನ ಗುಳಿಯಲ್ಲಿ ಎರಡೂ ಕಡೆ ಬೀಜವಿದೆ; ಪಾವಿನಲ್ಲಿ ಮೊದಲನೆಯದಕ್ಕೆ ಮಾತ್ರ; ಅರೆಪಾವಿನಲ್ಲಿ ಎರಡನೆಯದಕ್ಕೆ ಮಾತ್ರ; ಚಟಾಕಿನಲ್ಲಿ ಎರಡಕ್ಕೂ ಇಲ್ಲ. ಇರಬಹುದಾದ ನಾಲ್ಕೂ ಸಂದರ್ಭಗಳು ಆ ಒಂದೇ ಲೆಕ್ಕದಲ್ಲಿ ಬಂದುಹೋದವು.

ಪ್ರಶ್ನೆಪತ್ರಿಕೆ ತೆಗೆಯುವಾಗ ನಾನು ಕಲಿತ ಮೊದಲ ಪಾಠವೂ ಇದೇ. ಬಲ್ಲವನೂ ಅರಿಯದವನೂ ಒಂದೇ ಉತ್ತರ ಬರೆಯುವಂತಿದ್ದರೆ ಅದು ಪ್ರಶ್ನೆಯೇ ಅಲ್ಲ. ಎರಡರ ವರ್ಗ ಎಷ್ಟೆಂದು ಕೇಳಿದರೆ, ವರ್ಗವೆಂದರೆ ಎರಡರಿಂದ ಗುಣಿಸುವುದೆಂದು ತಪ್ಪಾಗಿ ತಿಳಿದವನೂ ನಾಲ್ಕೆಂದೇ ಬರೆದು ಅಂಕ ಪಡೆಯುತ್ತಾನೆ. ಮೂರರ ವರ್ಗವನ್ನು ಕೇಳಿದಾಗಲೇ ಅವನ ಅಜ್ಞಾನ ಹೊರಬೀಳುವುದು. ಹಾಗಾಗಿ "ನಾಲ್ಕು ಲೆಕ್ಕ ಸಾಕು" ಎಂಬ ಮಾತಿನಲ್ಲಿ ನಾಲ್ಕು ಎಂಬುದಕ್ಕಿಂತ ಯಾವ ನಾಲ್ಕು ಎಂಬುದೇ ಮುಖ್ಯ.

ಆ ಹುಡುಗಿ ಇನ್ನೊಂದು ಸೊಗಸಾದ ನಿಯಮವನ್ನು ತೋರಿಸಿದಳು. ಯಾವ ಎರಡು ಸಂಖ್ಯೆಗಳನ್ನು ತೆಗೆದುಕೊಂಡರೂ ಅವುಗಳ ಆಂಡ್ ಮತ್ತು ಆರ್‌ಗಳ ಮೊತ್ತವು ಆ ಸಂಖ್ಯೆಗಳ ಮೊತ್ತಕ್ಕೇ ಸಮ. ಎಂಟು ಮತ್ತು ಹದಿನಾಲ್ಕು ಕೂಡಿದರೆ ಇಪ್ಪತ್ತೆರಡು. ಹನ್ನೆರಡು ಮತ್ತು ಹತ್ತು ಕೂಡಿದರೂ ಇಪ್ಪತ್ತೆರಡು. ಗುಣಾಕಾರವನ್ನು ಒಂಬತ್ತು ಕಳೆದು ತಾಳೆ ನೋಡುತ್ತಿದ್ದ ನಮ್ಮ ಹಳೆಯ ಕ್ರಮ ನೆನಪಾಗಿ ನನಗೆ ಬಹಳ ಸಂತೋಷವಾಯಿತು. ಆದರೆ ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಸಂಶಯವೂ ಹುಟ್ಟಿತು. ಒಂಬತ್ತು ಕಳೆಯುವ ತಾಳೆಗೆ ಒಂದು ಕುರುಡುತನವಿದೆ: 54 ಎಂದು ಬರೆಯಬೇಕಾದಲ್ಲಿ 45 ಎಂದು ಬರೆದರೂ ತಾಳೆ ಬಂದುಬಿಡುತ್ತದೆ. ಇಲ್ಲಿಯೂ ಹಾಗೆಯೇ. ಆಂಡ್ ಮತ್ತು ಆರ್‌ಗಳೇ ಅದಲುಬದಲಾಗಿದ್ದರೆ ಮೊತ್ತ ಬದಲಾಗುವುದೇ ಇಲ್ಲ! ಲಕ್ಷ ಲೆಕ್ಕ ಮಾಡಿದರೂ ಎಲ್ಲವೂ ಸರಿಯೆಂದೇ ಕಾಣುತ್ತದೆ. "ಹೌದು ಸಾರ್, ಅದಕ್ಕೇ 12 ಮತ್ತು 10ರಂಥ ಕೈಲೆಕ್ಕವನ್ನೂ ಜೊತೆಗೆ ಇಟ್ಟಿದ್ದೇನೆ" ಎಂದು ಅವಳು ನಕ್ಕಳು. ಒಂದು ತಾಳೆಯ ಕುರುಡನ್ನು ಇನ್ನೊಂದು ತಾಳೆ ತುಂಬಬೇಕು.

ಮುಂದಿನದು ಅಂಚುಗಳ ಮಾತು. ನಿಡುಗಲ್ ದುರ್ಗವನ್ನೋ ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನೋ ಹತ್ತಿ ನೋಡಿದವರಿಗೆ ಗೊತ್ತು. ಕೋಟೆ ಕಟ್ಟಿದವರು ಹೆಚ್ಚು ಬುದ್ಧಿ ಖರ್ಚು ಮಾಡಿರುವುದು ಬಾಗಿಲುಗಳಲ್ಲಿ ಮತ್ತು ಮೂಲೆಯ ಬುರುಜುಗಳಲ್ಲಿ. ಶತ್ರು ನುಗ್ಗುವುದು ಅಲ್ಲಿಂದಲೇ. ಸಂಖ್ಯೆಗಳಲ್ಲಿಯೂ ತಪ್ಪು ನುಗ್ಗುವುದು ಅಂಚಿನಿಂದ. ಎಂಟು ಗುಳಿಗಳ ಸಾಲಿನಲ್ಲಿ ಋಣ ಸಂಖ್ಯೆಗಳಿಗೂ ಜಾಗ ಬೇಕೆಂದು ಎಡತುದಿಯ ಗುಳಿಯನ್ನು ಋಣ 128 ಎಂದು ಎಣಿಸುತ್ತಾರೆ. ಆಗ ಹಿಡಿಸುವ ಅತಿ ದೊಡ್ಡ ಸಂಖ್ಯೆ 127. ಅದಕ್ಕೆ ಒಂದು ಕೂಡಿದರೆ ಬರುವುದು 128 ಅಲ್ಲ, ಋಣ 128. ಹಳೆಯ ಬಸ್ಸಿನ ಕಿಲೋಮೀಟರ್ ಗಡಿಯಾರ ಎಲ್ಲ ಒಂಬತ್ತುಗಳನ್ನು ದಾಟಿ ಸೊನ್ನೆಗೆ ಮರಳುವಂತೆ ಇದು ಧನದ ತುದಿಯಿಂದ ಋಣದ ತುದಿಗೆ ಹಾರುತ್ತದೆ.

ಬಲಕ್ಕೆ ಒಂದು ಗುಳಿ ಜರುಗಿಸುವುದೆಂದರೆ ಎರಡರಿಂದ ಭಾಗಿಸಿದಂತೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಜಾವಾ ಭಾಷೆಯಲ್ಲಿ ಋಣ ಒಂದನ್ನು ಎರಡರಿಂದ ಭಾಗಿಸಿದರೆ ಸೊನ್ನೆ; ಋಣ ಒಂದನ್ನು ಸಾಮಾನ್ಯ ರೀತಿಯಲ್ಲಿ ಬಲಕ್ಕೆ ಜರುಗಿಸಿದರೆ ಮತ್ತೆ ಋಣ ಒಂದೇ! ಅದೇ ಭಾಷೆಯಲ್ಲಿ ಚಿಹ್ನೆಯನ್ನು ಲೆಕ್ಕಿಸದೆ ಬಲಕ್ಕೆ ಜರುಗಿಸುವ ಇನ್ನೊಂದು ಕ್ರಿಯೆಯಿದೆ. ಅದನ್ನು ಬಳಸಿದರೆ 32 ಬಿಟ್ಟಿನಲ್ಲಿ 2147483647 ಬರುತ್ತದೆ. ಇನ್ನು ಒಂದನ್ನು 32 ಗುಳಿ ಎಡಕ್ಕೆ ಜರುಗಿಸಿದರೆ? ಪೈತಾನ್ ಭಾಷೆ ಗುಳಿಗಳನ್ನು ಬೇಕಾದಷ್ಟು ಬೆಳೆಸಿಕೊಂಡು 4294967296 ಎನ್ನುತ್ತದೆ. ಜಾವಾ ತನ್ನ 32 ಬಿಟ್ಟಿನ ಪೂರ್ಣಾಂಕದಲ್ಲಿ 32 ಸಲ ಜರುಗಿಸು ಎಂದರೆ ಸೊನ್ನೆ ಸಲ ಎಂದು ತೆಗೆದುಕೊಂಡು ಒಂದನ್ನೇ ಹಿಂದಿರುಗಿಸುತ್ತದೆ. ಸಿ ಭಾಷೆಯ ನಿಯಮಾವಳಿಯಂತೂ 32 ಬಿಟ್ಟಿನ ಸಂಖ್ಯೆಯನ್ನು ಹೀಗೆ ಜರುಗಿಸಿದರೆ ಏನು ಬರಬೇಕೆಂದು ವಿಧಿಸಿಯೇ ಇಲ್ಲ. ಇವುಗಳಲ್ಲಿ ಯಾವುದು ಸರಿ? ಆಯಾ ಭಾಷೆಯ ನಿಯಮದಂತೆ ಅದದೇ ಸರಿ. ಆದ್ದರಿಂದ ಪರೀಕ್ಷೆಗೆ ಮೊದಲು ನಿಯಮವನ್ನು ಬರೆದಿಡಬೇಕು. "ನಿಮ್ಮ ಹೊಸ ಭಾಷೆಯಲ್ಲಿ ನಿಯಮವೇನು?" ಎಂದು ಕೇಳಿದೆ. "ಅದನ್ನೇ ಯಾರೂ ತೀರ್ಮಾನಿಸಿಲ್ಲ ಸಾರ್, ಪರೀಕ್ಷೆ ಬರೆಯಲು ಕುಳಿತ ಮೇಲೆಯೇ ಗೊತ್ತಾಯಿತು" ಎಂದಳು. ಆ ನೂರಾರು ಪರೀಕ್ಷೆಗಳು ವ್ಯರ್ಥವಲ್ಲವೆನ್ನಲು ನನಗೆ ಈ ಒಂದು ಮಾತೇ ಸಾಕು.

ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿಬಿಟ್ಟರೆ ಗೊಡವೆಯೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಎಂಟು ಬಿಟ್ಟಿನ ಎರಡು ಸಂಖ್ಯೆಗಳ ಜೋಡಿಗಳು ಒಟ್ಟು 65,536. ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ, ಮುಗಿಸಲೇಬೇಕು. ಆದರೆ 32 ಬಿಟ್ಟಿನ ಜೋಡಿಗಳೆಲ್ಲವನ್ನೂ ಸೆಕೆಂಡಿಗೆ ನೂರು ಕೋಟಿಯಂತೆ ನೋಡುತ್ತಾ ಹೋದರೂ ಸುಮಾರು 584 ವರ್ಷ ಬೇಕು. ಅಲ್ಲಿ ಬೇರೆ ಉಪಾಯ ಬೇಕು: ಹೋದ ದಾರಿಯನ್ನು ಬಿಟ್ಟು ಇನ್ನೊಂದು ದಾರಿಯಿಂದ ಹಿಂದಿರುಗಿ ಬಂದು, ಹೊರಟ ಜಾಗಕ್ಕೇ ತಲುಪಿದೆವೇ ಎಂದು ನೋಡುವುದು.

ಈ ಉಪಾಯ ನಮ್ಮ ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದ ಒಂದನೆಯ ನಾಗವರ್ಮನ "ಛಂದೋಂಬುಧಿ"ಯಲ್ಲಿ ಷಟ್ಪ್ರತ್ಯಯಗಳೆಂಬ ಭಾಗವಿದೆ. 1875ರಲ್ಲಿಯೇ ಕಿಟ್ಟೆಲ್ ಅವರು ಮಂಗಳೂರಿನಲ್ಲಿ ಈ ಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಇದರ ಮೂಲ ಸಂಸ್ಕೃತದ ಪಿಂಗಳನ ಛಂದಶ್ಶಾಸ್ತ್ರದಲ್ಲಿದೆ. ಒಂದು ಪಾದದಲ್ಲಿ ನಾಲ್ಕು ಅಕ್ಷರಗಳಿದ್ದರೆ ಗುರು ಲಘುಗಳ ವಿನ್ಯಾಸಗಳು ಹದಿನಾರು. ಅವನ್ನು ಕ್ರಮವಾಗಿ ಬರೆಯುವುದು ಪ್ರಸ್ತಾರ. ಗುರುವನ್ನು ಖಾಲಿ ಗುಳಿಯೆಂದೂ ಲಘುವನ್ನು ಬೀಜವೆಂದೂ ತಿಳಿದರೆ ಇದು ಕಂಪ್ಯೂಟರಿನ ಲೆಕ್ಕವೇ. ಸಾಲಿನ ಸಂಖ್ಯೆ ಕೊಟ್ಟು ವಿನ್ಯಾಸವನ್ನು ಕಂಡುಹಿಡಿಯುವುದು ನಷ್ಟ. ವಿನ್ಯಾಸ ಕೊಟ್ಟು ಸಾಲಿನ ಸಂಖ್ಯೆಯನ್ನು ಕಂಡುಹಿಡಿಯುವುದು ಉದ್ದಿಷ್ಟ.

ಹನ್ನೊಂದನೆಯ ಸಾಲು ಯಾವುದು? ಬೆಸವಾದರೆ ಗುರು ಬರೆದು ಒಂದು ಕೂಡಿ ಅರ್ಧ ಮಾಡಬೇಕು. ಸಮವಾದರೆ ಲಘು ಬರೆದು ಅರ್ಧ ಮಾಡಬೇಕು. ಹನ್ನೊಂದು ಬೆಸ: ಗುರು, ಉಳಿದದ್ದು ಆರು. ಆರು ಸಮ: ಲಘು, ಮೂರು. ಮೂರು ಬೆಸ: ಗುರು, ಎರಡು. ಎರಡು ಸಮ: ಲಘು. ಗುರು, ಲಘು, ಗುರು, ಲಘು. ಈಗ ಹಿಂದಿರುಗಿ ಬರೋಣ. ಅಕ್ಷರಗಳ ಮೇಲೆ 1, 2, 4, 8 ಎಂದು ಬರೆದು, ಲಘುಗಳ ಮೇಲಿನ ಎರಡನ್ನೂ ಎಂಟನ್ನೂ ಕೂಡಿ, ಒಂದು ಸೇರಿಸಿದರೆ ಹನ್ನೊಂದು. ತಾಳೆ ಬಂತು. ಬೆಸವೋ ಸಮವೋ ಎಂದು ನೋಡುವುದು ಕಡೆಯ ಬಿಟ್ಟನ್ನು ಆಂಡ್ ಮಾಡಿ ನೋಡಿದಂತೆ. ಅರ್ಧ ಮಾಡುವುದು ಬಲಕ್ಕೆ ಜರುಗಿಸಿದಂತೆ. ಆ ಒಂದನ್ನು ಕೂಡುವುದೇಕೆಂದರೆ ಛಂದಸ್ಸಿನವರು ಸಾಲುಗಳನ್ನು ಒಂದರಿಂದ ಎಣಿಸುತ್ತಾರೆ, ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದೆ. ವ್ಯಾಕರಣದ ಪಾಠದಲ್ಲಿ ಪ್ರತ್ಯಯವೆಂದರೆ ಪದದ ಕೊನೆಗೆ ಹತ್ತುವುದೆಂದು ಕಲಿತಿದ್ದೀರಿ. ಆ ಪದಕ್ಕೆ ನಂಬಿಕೆ, ಖಾತರಿ ಎಂಬ ಅರ್ಥವೂ ಉಂಟು.

ಈಗ ನನ್ನ ತಪ್ಪಿನ ಕಥೆ. ಎಂಬತ್ತರ ದಶಕದಲ್ಲಿ ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಕಿಟಕಿಯಿಂದ ನೋಡಿದರೆ ದೂರದಲ್ಲಿ ನಿಡುಗಲ್ ಬೆಟ್ಟ ಕಾಣುತ್ತಿತ್ತು. ಕನ್ನಡ ಪಂಡಿತರು ರಜೆಯಲ್ಲಿದ್ದ ಒಂದು ದಿನ ಅವರ ತರಗತಿಗೆ ಹೋದವನು, ಯಮಾತಾರಾಜಭಾನಸಲಗಂ ಸೂತ್ರವನ್ನು ಹೇಳಿಸಿದ ಮೇಲೆ, ಗಣಿತದವನ ಹುಮ್ಮಸ್ಸಿನಲ್ಲಿ ನಾಲ್ಕು ಅಕ್ಷರಗಳ ಪ್ರಸ್ತಾರವನ್ನು ಹಲಗೆಯ ಮೇಲೆ ಬರೆದೆ. ಸರಸರನೆ ಹದಿನಾರು ಸಾಲು. ಹಿಂದಿನ ಬೆಂಚಿನ ಒಬ್ಬ ಹುಡುಗ, ಮನೆಯಲ್ಲಿ ತೆಲುಗು ಮಾತನಾಡುವವನು, ತರಗತಿಯಲ್ಲಿ ಬಾಯಿ ಬಿಡದವನು, ಅಂದು ಎದ್ದು ನಿಂತ. "ಸಾರ್, ಏಳನೇ ಸಾಲೂ ಹನ್ನೊಂದನೇ ಸಾಲೂ ಒಂದೇ ಆಗೈತೆ" ಎಂದ.

ನಾನು ಹಲಗೆಯತ್ತ ತಿರುಗಿ ಸಾಲುಗಳನ್ನು ಎಣಿಸಿದೆ. "ಹದಿನಾರು ಬರಬೇಕು, ಹದಿನಾರು ಇದೆ. ಕೂತ್ಕೊಳ್ಳಯ್ಯ, ಮೊದಲು ನೆಟ್ಟಗೆ ಬರೆದುಕೊಳ್ಳುವುದನ್ನು ಕಲಿ" ಎಂದೆ. ತರಗತಿ ನಕ್ಕಿತು. ಅವನು ಕುಳಿತ. ಆ ವಾರ ನೋಟ್‌ಪುಸ್ತಕಗಳನ್ನು ತಿದ್ದುವಾಗ ಎಲ್ಲರ ಪುಸ್ತಕದಲ್ಲಿಯೂ ಹಲಗೆಯ ಮೇಲಿದ್ದುದೇ ಇತ್ತು. ಅವನದರಲ್ಲಿ ಮಾತ್ರ ಹನ್ನೊಂದನೆಯ ಸಾಲು ಬೇರೆಯಾಗಿತ್ತು. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ಹಾಕಿದೆ.

ಮರುವರ್ಷ ಅದೇ ಪ್ರಸ್ತಾರವನ್ನು ಮತ್ತೆ ಬರೆಯುವಾಗ ಕೈ ತಡೆಯಿತು. ನಷ್ಟದ ಲೆಕ್ಕ ಮಾಡಿ ನೋಡಿದೆ. ಹನ್ನೊಂದನೆಯ ಸಾಲು ಗುರು, ಲಘು, ಗುರು, ಲಘು ಆಗಬೇಕು. ನಾನು ಹಿಂದಿನ ವರ್ಷ ಏಳನೆಯ ಸಾಲಿನ ಗುರು, ಲಘು, ಲಘು, ಗುರುವನ್ನೇ ಎರಡನೆಯ ಸಲ ಬರೆದಿದ್ದೆ. ಒಂದು ಸಾಲು ಎರಡು ಸಲ ಬಂದು ಇನ್ನೊಂದು ಕಾಣೆಯಾಗಿದ್ದರಿಂದ ಎಣಿಕೆ ಮಾತ್ರ ಹದಿನಾರೇ ಉಳಿದಿತ್ತು. ಆ ತಪ್ಪನ್ನು ಹಿಡಿಯಲಾರದ ಒಂದೇ ಒಂದು ಪರೀಕ್ಷೆಯನ್ನು ನಾನು ಆರಿಸಿಕೊಂಡು, ಅದರ ಬಲದಿಂದ ಹುಡುಗನನ್ನು ಕೂರಿಸಿದ್ದೆ. ಅಷ್ಟರಲ್ಲಿ ಅವನ ಮನೆಯವರು ಕೂಲಿಗೆಂದು ಊರು ಬಿಟ್ಟಿದ್ದರು, ಅವನು ಟಿ.ಸಿ. ತೆಗೆದುಕೊಂಡು ಹೋಗಿಯಾಗಿತ್ತು. ಆ ದಿನದ ಬಳಿಕ ವರ್ಷ ಮುಗಿಯುವವರೆಗೂ ಅವನು ನನ್ನ ಪಾಠದಲ್ಲಿ ಮತ್ತೊಮ್ಮೆ ಎದ್ದು ನಿಂತಿರಲಿಲ್ಲ ಎಂಬುದು ಆಗ ನೆನಪಾಯಿತು.

ಇದನ್ನು ಕೇಳಿ ನನ್ನ ವಿದ್ಯಾರ್ಥಿನಿ ಒಂದು ಸಂಗತಿ ಹೇಳಿದಳು. ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಬೇಕಾದುದನ್ನು ಹುಡುಕಲು ನಟ್ಟನಡುವಿನಲ್ಲಿ ತೆರೆದು, ಹಿಂದೋ ಮುಂದೋ ಎಂದು ತಿಳಿದು ಅರ್ಧರ್ಧ ಬಿಡುತ್ತಾ ಹೋಗುವ ಕ್ರಮವಿದೆಯಲ್ಲ, ಜಾವಾ ಭಾಷೆಯ ಗ್ರಂಥಾಲಯಕ್ಕೆ ಅದನ್ನು ಬರೆದವರು ಜೋಶುವಾ ಬ್ಲಾಕ್. ಸುಮಾರು ಒಂಬತ್ತು ವರ್ಷ ಅದು ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. ನಡುವನ್ನು ಕಾಣಲು ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸಿದ್ದರು. ಇದರಲ್ಲಿ ತಪ್ಪೇನೆಂದು ಯಾರಿಗೂ ತೋರಲಿಲ್ಲ. ಆದರೆ ಪಟ್ಟಿ ನೂರು ಕೋಟಿಯನ್ನು ಮೀರಿ ಬೆಳೆದಾಗ ಆ ಮೊತ್ತ 32 ಬಿಟ್ಟಿನಲ್ಲಿ ಹಿಡಿಸದೆ ಋಣವಾಗುತ್ತಿತ್ತು. ಎಂಟು ಬಿಟ್ಟಿನಲ್ಲಿ ಹೇಳುವುದಾದರೆ 100 ಮತ್ತು 120ರ ನಡುವೆ 110 ಎನ್ನುವ ಬದಲು ಋಣ 18 ಎಂದಂತೆ. ಬ್ಲಾಕ್ ಅವರು 2006ರಲ್ಲಿ ತಮ್ಮದೇ ತಪ್ಪನ್ನು ಬಹಿರಂಗವಾಗಿ ಬರೆದು ಪ್ರಕಟಿಸಿದರು. ಅವರು ಸೂಚಿಸಿದ ಪರಿಹಾರಗಳಲ್ಲೊಂದು, ಭಾಗಿಸುವ ಬದಲು ಚಿಹ್ನೆಯನ್ನು ಲೆಕ್ಕಿಸದ ಆ ಬಲ ಶಿಫ್ಟನ್ನು ಬಳಸುವುದು. "ಸುಲಭದ ಕೆಲಸ" ಎನಿಸಿಕೊಂಡ ಬಿಟ್ ಕ್ರಿಯೆಯೇ ಅಲ್ಲಿ ನೆರವಿಗೆ ಬಂತು. ಅವರ ಜಾಣ್ಮೆಗಿಂತ, ತಾನೇ ಎದ್ದು "ಇಲ್ಲಿ ನಾನು ತಪ್ಪಿದ್ದೆ" ಎಂದ ಆ ನಡೆಗೆ ನಾನು ತಲೆಬಾಗುತ್ತೇನೆ. ನಾನು ಹಾಗೆ ಮಾಡಲು ತಡಮಾಡಿದವನು.

ಈಗಿನ ಕಾಲದಲ್ಲಿ ಈ ಮಾತು ಇನ್ನೂ ಅಗತ್ಯವೆಂದು ನನ್ನ ಅಭಿಪ್ರಾಯ. ಕೃತಕ ಬುದ್ಧಿಮತ್ತೆ ಪ್ರೋಗ್ರಾಮನ್ನೂ ಬರೆದುಕೊಡುತ್ತದೆ, ಅದರ ಪರೀಕ್ಷೆಗಳನ್ನೂ ತಾನೇ ಬರೆದುಕೊಡುತ್ತದೆ. ಅನುಕೂಲವೇನೋ ಹೌದು, ನಾನು ಬೇಡವೆನ್ನುವುದಿಲ್ಲ. ಆದರೆ ಉತ್ತರಪತ್ರಿಕೆಯನ್ನೂ ಮಾದರಿ ಉತ್ತರವನ್ನೂ ಒಬ್ಬನೇ ಬರೆದರೆ ಅವನ ತಪ್ಪು ತಿಳಿವಳಿಕೆ ಎರಡರಲ್ಲೂ ಒಂದೇ ರೀತಿ ಕುಳಿತಿರುತ್ತದೆ. ತಾಳೆ ಬರುತ್ತದೆ, ಸತ್ಯ ಬರುವುದಿಲ್ಲ. ನಲವತ್ತು ನೋಟ್‌ಪುಸ್ತಕಗಳು ನನ್ನ ಹಲಗೆಯೊಂದಿಗೆ ಹೊಂದಿಕೊಂಡದ್ದು ಹಾಗೆಯೇ ತಾನೆ?

ನನ್ನ ವಿದ್ಯಾರ್ಥಿನಿಗೆ ನಾನು ಹೇಳಿ ಕಳುಹಿಸಿದ್ದು ಇಷ್ಟು: ನಿನ್ನ ಪರೀಕ್ಷೆಗಳಲ್ಲಿ ಒಂದನ್ನೂ ಸಂಖ್ಯೆ ಹೆಚ್ಚಾಯಿತೆಂದು ಅಳಿಸಬೇಡ. ಪ್ರತಿಯೊಂದರ ಮುಂದೆ ಅದು ಯಾವ ತಪ್ಪನ್ನು ಹಿಡಿಯಬಲ್ಲದೆಂದು ಒಂದು ಸಾಲು ಬರೆದಿಡು. ಹಾಗೆ ಬರೆಯಲಾಗದ ಪರೀಕ್ಷೆಯಿದ್ದರೆ ಅದನ್ನು ಮಾತ್ರ ತೆಗೆ. ಮತ್ತು ನಿನ್ನ ಕೈಕೆಳಗೆ ಕೆಲಸಕ್ಕೆ ಸೇರಿದ ಹೊಸ ಹುಡುಗರಲ್ಲಿ ಯಾರಾದರೂ ಎದ್ದು, "ಎರಡು ಸಾಲು ಒಂದೇ ಆಗಿದೆ" ಎಂದರೆ, ಎಣಿಸಲು ಹಲಗೆಯತ್ತ ತಿರುಗಬೇಡ. ಅವರನ್ನೇ ಹಲಗೆಯ ಬಳಿಗೆ ಕರೆ.

ಪಾವಗಡದ ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ನಿಮ್ಮಲ್ಲಿ ಅವನ ಸಹಪಾಠಿಗಳಿದ್ದೀರಿ. ಯಾರೆಂದು ನಿಮಗೆ ಈಗಾಗಲೇ ಹೊಳೆದಿರುತ್ತದೆ. ಎಲ್ಲಿಯಾದರೂ ಸಿಕ್ಕರೆ ಅವನಿಗೆ ತಿಳಿಸಿ: ಹನ್ನೊಂದನೆಯ ಸಾಲು ಅವನು ಬರೆದದ್ದೇ ಸರಿ.